ಮಹಡಿ ಬಿಟ್ಟುಕೊಟ್ಟ ಭಾಷೆಗಳು

ಮೊಬೈಲಿಗೆ ಕರೆನ್ಸಿ ಹಾಕಿಸುವುದು ಎಂದರೆ ಏನೆಂದು ಲಂಡನ್ನಿನವರನ್ನು ಕೇಳಿದರೆ ಅವರಿಗೆ ತಿಳಿಯುವುದಿಲ್ಲ. ಅವರ ಪಾಲಿಗೆ ಕರೆನ್ಸಿ ಎಂದರೆ ನೋಟು, ನಾಣ್ಯ. ನಮಗೆ ಅದು ಬೀದಿ ಬದಿಯ ಪೆಟ್ಟಿಗೆ ಅಂಗಡಿಯಲ್ಲಿ ಹತ್ತು ರೂಪಾಯಿ ಕೊಟ್ಟು ಫೋನಿಗೆ ತುಂಬಿಸಿಕೊಳ್ಳುತ್ತಿದ್ದ ಮಾತಿನ ಋಣ. ಹಾಗೆಯೇ ಸೈಟು ಎಂದರೆ ಮನೆ ಕಟ್ಟುವ ಜಾಗ, ಹೋಟೆಲು ಎಂದರೆ ಇಡ್ಲಿ ತಿನ್ನುವ ಜಾಗ, ಬೈಟು ಎಂದರೆ ಒಂದು ಕಾಫಿಗೆ ಎರಡು ಲೋಟ. ಇವೆಲ್ಲ ಇಂಗ್ಲಿಷಿನಿಂದ ಹೊರಟು ಇಲ್ಲಿಗೆ ಬಂದು, ಕೊನೆಗೊಂದು ಉಕಾರ ಅಂಟಿಸಿಕೊಂಡು, ವಿಭಕ್ತಿ ಪ್ರತ್ಯಯ ತೊಟ್ಟು ತವರನ್ನೇ ಮರೆತ ಪದಗಳು. ಅದಕ್ಕೂ ಮುಂಚೆ ಅರ್ಜಿ, ಜಮೀನು, ಖರ್ಚು ಪಾರಸಿ-ಅರಬ್ಬಿ ಕಡೆಯಿಂದ ಬಂದಿದ್ದವು. ಪಗಾರ, ಚಾವಿ ಪೋರ್ಚುಗೀಸರ ಹಡಗಿನಲ್ಲಿ ಬಂದಿದ್ದವು. ಕನ್ನಡಕ್ಕೆ ಅವುಗಳಿಂದ ಅಜೀರ್ಣವಾಗಲಿಲ್ಲ.

ಹಾಗಾಗಿ ಇಂಗ್ಲಿಷ್ ಜಗತ್ತಿನ ಭಾಷೆಗಳನ್ನೆಲ್ಲ ನುಂಗುತ್ತಿದೆ ಎನ್ನುವವರು ಬೆರಕೆ ಮಾತನ್ನು ಸಾಕ್ಷಿಗೆ ಕರೆದರೆ ನನಗೆ ಅಷ್ಟೇನೂ ಭಯವಾಗುವುದಿಲ್ಲ. ಭಯವಾಗುವುದು ಭಾಷೆಯ ಕೈಯಿಂದ ಕೆಲಸ ಜಾರಿದಾಗ. ಕನ್ನಡ ಮಾಧ್ಯಮದಲ್ಲಿ ಓದಿದವರೂ ಫೋನ್ ನಂಬರನ್ನು ‘ನೈನ್ ಎಯ್ಟ್ ಫೋರ್’ ಎಂದೇ ಹೇಳುತ್ತಾರೆ. ಬೆಂಗಳೂರಿನ ಎಷ್ಟೋ ಮಕ್ಕಳಿಗೆ ಮೂವತ್ತೊಂಬತ್ತು ಎಂದರೆ ಯಾವ ಸಂಖ್ಯೆಯೆಂದು ಬಿಡಿಸಿ ಹೇಳಬೇಕು. ಸೋದರತ್ತೆ, ಚಿಕ್ಕಮ್ಮ, ದೊಡ್ಡಮ್ಮ, ಪಕ್ಕದ ಮನೆಯಾಕೆ ಎಲ್ಲರೂ ಸೇರಿ ಒಬ್ಬಳೇ ಆಂಟಿಯಾಗಿದ್ದಾಳೆ. ಕರೆನ್ಸಿ ಬಂದಾಗ ಕನ್ನಡಕ್ಕೆ ಒಂದು ಪದ ಹೆಚ್ಚಾಯಿತು. ಮೂವತ್ತೊಂಬತ್ತು ಮರೆತಾಗ ಹೋದದ್ದು ಒಂದು ಪದ ಮಾತ್ರವಲ್ಲ, ಎಣಿಸುವ ಕೆಲಸವೇ ಹೋಯಿತು.

ಸ್ವೀಡನ್, ಡೆನ್ಮಾರ್ಕ್ ಕಡೆಯ ಭಾಷಾತಜ್ಞರು ಇದಕ್ಕೊಂದು ಹೆಸರಿಟ್ಟಿದ್ದಾರೆ. ಕನ್ನಡದಲ್ಲಿ ಅದನ್ನು ವಲಯ ನಷ್ಟ ಎನ್ನಬಹುದು. ಸ್ವೀಡಿಷ್ ಸಾಯುತ್ತಿರುವ ಭಾಷೆಯೇನಲ್ಲ. ಮನೆಯಲ್ಲಿ ಅದೇ ಮಾತು, ಸಂಸತ್ತಿನಲ್ಲಿ ಅದೇ ಭಾಷಣ, ಪತ್ರಿಕೆ, ಕಾದಂಬರಿ ಎಲ್ಲ ಅದರಲ್ಲೇ. ಆದರೆ ವಿಜ್ಞಾನದ ಪಿಎಚ್‌ಡಿ ಪ್ರಬಂಧಗಳು ಬಹುಪಾಲು ಇಂಗ್ಲಿಷಿನಲ್ಲಿ. ಪ್ರಬಂಧವನ್ನು ಸ್ವೀಡಿಷ್‌ನಲ್ಲಿ ಬರೆಯದಿದ್ದರೆ ಹೊಸ ವಿಷಯಕ್ಕೆ ಆ ಭಾಷೆಯಲ್ಲಿ ಪದ ಹುಟ್ಟುವುದಿಲ್ಲ, ಪದ ಹುಟ್ಟದಿದ್ದರೆ ಮುಂದಿನವರು ಅದರಲ್ಲಿ ಪಾಠ ಮಾಡಲಾರರು. ಕೆಳಗಿನ ಅಂತಸ್ತಿನಲ್ಲಿ ಸಂಸಾರ ಸೊಗಸಾಗಿಯೇ ನಡೆದಿದೆ, ಮಹಡಿ ಮಾತ್ರ ಬೇರೆಯವರ ಕೈಗೆ ಹೋಗಿದೆ. ಇಂಗ್ಲಿಷಿನ ಹಬ್ಬುವಿಕೆಯನ್ನು ಅರ್ಥ ಮಾಡಿಕೊಳ್ಳಲು ಈ ಮಹಡಿಯ ಲೆಕ್ಕ ನೋಡಬೇಕು ಎಂಬುದು ನನ್ನ ಎಣಿಕೆ. ಎಲ್‌ಕೆಜಿ ಮಗುವಿನ ಬಾಯಲ್ಲಿ ರೈಮ್ಸ್ ಕೇಳಿ ನಾವು ಸಂಕಟಪಡುತ್ತೇವೆ. ಆ ರೈಮ್ಸ್ ಶುರುವಾಗುವುದು ನರ್ಸರಿಯಲ್ಲಲ್ಲ, ಹೈಕೋರ್ಟಿನಲ್ಲಿ, ಪ್ರಯೋಗಾಲಯದಲ್ಲಿ, ಕೆಲಸದ ಸಂದರ್ಶನದಲ್ಲಿ.

ಇಂಗ್ಲಿಷ್ ಈ ಮಹಡಿ ಹತ್ತಿದ್ದು ತನ್ನ ಗುಣದಿಂದ ಎಂಬ ನಂಬಿಕೆ ಬಹಳ ಜನರಿಗಿದೆ. ಸುಲಭದ ವ್ಯಾಕರಣವಂತೆ. ಆ ಭಾಷೆಯ ಸ್ಪೆಲಿಂಗ್ ಉರು ಹೊಡೆದು ಬೆಳೆದ ಯಾರೂ ಇದನ್ನು ಒಪ್ಪಬಾರದು. ಬ್ರಿಟಿಷ್ ಸಾಮ್ರಾಜ್ಯ ಮುಗಿಯುತ್ತಿದ್ದ ಹೊತ್ತಿಗೆ ಅದೇ ಭಾಷೆಯಾಡುವ ಅಮೆರಿಕ ಮೇಲೆದ್ದಿತು ಎಂಬುದು ಎಲ್ಲರಿಗೂ ಗೊತ್ತಿರುವ ಕಾರಣ. ಅಷ್ಟಾಗಿ ಗೊತ್ತಿಲ್ಲದ ಕಾರಣ ಜರ್ಮನ್ ಭಾಷೆಯ ಪತನ. 20ನೇ ಶತಮಾನ ಶುರುವಾದಾಗ ವಿಜ್ಞಾನದ ಮಹಡಿಯಲ್ಲಿ ಜರ್ಮನ್, ಫ್ರೆಂಚ್, ಇಂಗ್ಲಿಷ್ ಮೂರೂ ಹೆಚ್ಚುಕಡಿಮೆ ಸಮನಾಗಿ ಕುಳಿತಿದ್ದವು. ರಸಾಯನಶಾಸ್ತ್ರ ಓದುವವನಿಗೆ ಜರ್ಮನ್ ಬಾರದಿದ್ದರೆ ನಡೆಯುತ್ತಿರಲಿಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ ಗೆದ್ದ ದೇಶಗಳು ಜರ್ಮನಿ, ಆಸ್ಟ್ರಿಯಾದ ವಿಜ್ಞಾನಿಗಳನ್ನು ಅಂತರರಾಷ್ಟ್ರೀಯ ಸಂಸ್ಥೆಗಳಿಂದ ಹೊರಗಿಟ್ಟವು. ಅಮೆರಿಕದಲ್ಲಿ ಜರ್ಮನ್ ಶತ್ರುಗಳ ಭಾಷೆಯಾಯಿತು. ನೆಬ್ರಾಸ್ಕ ರಾಜ್ಯ 1919ರಲ್ಲಿ ಎಂಟನೇ ತರಗತಿ ದಾಟದ ಮಕ್ಕಳಿಗೆ ವಿದೇಶಿ ಭಾಷೆ ಕಲಿಸುವುದನ್ನೇ ಅಪರಾಧ ಮಾಡಿತು. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಹೊಡೆದುಹಾಕಿತಾದರೂ, ಜರ್ಮನ್ ಓದಲು ಬಾರದ ಒಂದು ತಲೆಮಾರು ತಯಾರಾಗಿತ್ತು. 1933ರ ನಂತರ ಹಿಟ್ಲರ್ ತನ್ನ ದೇಶದ ವಿಜ್ಞಾನಿಗಳನ್ನು ಓಡಿಸಿ ಉಳಿದ ಕೆಲಸ ಮುಗಿಸಿದ. ಅವರು ಹೋಗಿ ಸೇರಿದ್ದು ಇಂಗ್ಲಿಷ್ ಆಡುವ ವಿಶ್ವವಿದ್ಯಾಲಯಗಳಿಗೆ. ಎರಡನೇ ಯುದ್ಧ ಮುಗಿದಾಗ ದುಡ್ಡು, ಪ್ರಯೋಗಾಲಯ, ಪತ್ರಿಕೆ ಎಲ್ಲ ಒಂದೇ ಕಡೆ ಇದ್ದವು.

ಇಂದು ಇಂಗ್ಲಿಷ್ ಬಲ್ಲವರು ಜಗತ್ತಿನಲ್ಲಿ ಸುಮಾರು 150 ಕೋಟಿ. ಅದನ್ನು ತಾಯಿಭಾಷೆಯಾಗಿ ಆಡುವವರು 40 ಕೋಟಿಯ ಆಸುಪಾಸು. ಅಂದರೆ ನಾಲ್ವರಲ್ಲಿ ಮೂವರಿಗೆ ಅದು ಕಲಿತ ಭಾಷೆ. ಎಲ್ಲ ಕಡೆಯೂ ಇದರಿಂದ ಕೇಡೇ ಎನ್ನಲಾಗದು. ಆಕಾಶದಲ್ಲಿ ಹಾರುವ ಪೈಲಟ್ಟು, ನೆಲದ ಮೇಲೆ ಕುಳಿತು ದಾರಿ ತೋರಿಸುವವರು ಒಂದೇ ಭಾಷೆ ಬಲ್ಲವರಾಗಿದ್ದರೆ ನಮ್ಮ ಜೀವಕ್ಕೇ ಕ್ಷೇಮ. ಅಲ್ಲಿ ಭಾಷಾಭಿಮಾನ ತೋರಿಸುವ ಆಸೆ ನನಗಂತೂ ಇಲ್ಲ.

ಆದರೆ ಜ್ಞಾನದ ವಿಚಾರದಲ್ಲಿ ಒಂದೇ ಭಾಷೆಯ ದರಬಾರಿಗೆ ಬೆಲೆ ತೆರಬೇಕಾಗುತ್ತದೆ, ಇಂಗ್ಲಿಷಿನವರೂ ತೆರುತ್ತಾರೆ. ಚೀನಾದಲ್ಲಿ ಹಕ್ಕಿಜ್ವರದ ವೈರಾಣು ಹಂದಿಗಳಿಗೂ ತಗುಲಿದೆ ಎಂಬ ಮುಖ್ಯವಾದ ವರದಿಗಳು ಮೊದಲು ಪ್ರಕಟವಾದದ್ದು ಚೀನೀ ಭಾಷೆಯ ಪತ್ರಿಕೆಗಳಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಗಮನಕ್ಕೆ ಅವು ತಡವಾಗಿ ಬಂದವು. ಇಂಗ್ಲಿಷಿನಲ್ಲಿ ಇಲ್ಲದ್ದು ಇಲ್ಲವೇ ಇಲ್ಲ ಎಂದುಕೊಂಡವರಿಗೆ ಕಣ್ಣೆದುರಿನ ಅಪಾಯವೂ ಕಾಣುವುದಿಲ್ಲ. ಇನ್ನು ಹೊರಗಿನಿಂದ ಬಂದು ಇಂಗ್ಲಿಷಿನಲ್ಲಿ ಬರೆಯಬೇಕಾದವರ ಪಾಡು ಬೇರೆ. 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಎಂಟು ದೇಶಗಳ 908 ಪರಿಸರ ವಿಜ್ಞಾನಿಗಳನ್ನು ಮಾತಾಡಿಸಿತ್ತು. ಇಂಗ್ಲಿಷ್ ತಾಯಿಭಾಷೆಯಲ್ಲದವರಿಗೆ ಒಂದು ಪ್ರಬಂಧ ಬರೆಯಲು ಶೇ 50ರವರೆಗೂ ಹೆಚ್ಚು ಸಮಯ ಬೇಕಾಗುತ್ತಿತ್ತು, ಬರೆದ ಭಾಷೆಯ ಕಾರಣಕ್ಕೇ ಪ್ರಬಂಧ ತಿರಸ್ಕಾರವಾಗುವುದು ಅವರಲ್ಲಿ ಎರಡೂವರೆ ಪಟ್ಟು ಜಾಸ್ತಿಯಿತ್ತು. ಓಟದ ಪಂದ್ಯದಲ್ಲಿ ಕಾಲಿಗೆ ಕಲ್ಲು ಕಟ್ಟಿಕೊಂಡು ಓಡಿದ ಹಾಗೆ.

ಈ ಮಹಡಿಗಾಗಿ ಹೋರಾಡಿದವರೂ ಇದ್ದಾರೆ. ಇಟಲಿಯ ಮಿಲಾನ್ ನಗರದ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯ 2012ರಲ್ಲಿ ಒಂದು ತೀರ್ಮಾನ ಮಾಡಿತು. ಎರಡು ವರ್ಷ ಬಿಟ್ಟು ಸ್ನಾತಕೋತ್ತರ ಮತ್ತು ಪಿಎಚ್‌ಡಿ ತರಗತಿಗಳೆಲ್ಲವೂ ಇಂಗ್ಲಿಷಿನಲ್ಲೇ ನಡೆಯುತ್ತವೆ ಎಂದಿತು. ಹೊರದೇಶದ ವಿದ್ಯಾರ್ಥಿಗಳು ಬರಲಿ, ತನ್ನ ಮಕ್ಕಳಿಗೆ ಹೊರಗೆ ಕೆಲಸ ಸಿಗಲಿ ಎಂಬುದು ಅದರ ವಾದ. ಅದರ ಅಧ್ಯಾಪಕರಲ್ಲೇ ನೂರಕ್ಕೂ ಹೆಚ್ಚು ಮಂದಿ ಕೋರ್ಟಿಗೆ ಹೋದರು. 2017ರಲ್ಲಿ ಇಟಲಿಯ ಸಾಂವಿಧಾನಿಕ ನ್ಯಾಯಾಲಯ ಹೇಳಿದ್ದು ಇಷ್ಟು: ಇಂಗ್ಲಿಷಿನಲ್ಲಿ ಕೋರ್ಸು ನಡೆಸಬಹುದು, ಅಡ್ಡಿಯಿಲ್ಲ, ಆದರೆ ಜ್ಞಾನದ ಇಡೀ ಶಾಖೆಯಿಂದಲೇ ಇಟಾಲಿಯನ್ ಭಾಷೆಯನ್ನು ಆಚೆ ತಳ್ಳುವಂತಿಲ್ಲ. ಈ ತೀರ್ಪು ಇಂಗ್ಲಿಷನ್ನು ಬಾಗಿಲಿನಲ್ಲಿ ತಡೆಯಲಿಲ್ಲ, ಇಟಾಲಿಯನ್ನಿಗೂ ಮಹಡಿಯಲ್ಲಿ ಒಂದು ಕೋಣೆ ಇರಲೇಬೇಕು ಎಂದಿತು. ಭಾಷೆಯ ಜಗಳಗಳಲ್ಲಿ ಇಷ್ಟು ಹದವಾದ ಮಾತು ಅಪರೂಪ.

ಜಪಾನಿನ ಭೌತವಿಜ್ಞಾನಿ ತೊಷಿಹಿದೆ ಮಸ್ಕಾವ 2008ರಲ್ಲಿ ನೊಬೆಲ್ ಬಹುಮಾನ ಪಡೆಯಲು ಸ್ಟಾಕ್‌ಹೋಮ್‌ಗೆ ಹೋಗಬೇಕಾದಾಗ ಅವರ ಬಳಿ ಪಾಸ್‌ಪೋರ್ಟೇ ಇರಲಿಲ್ಲ, ಅದುವರೆಗೆ ದೇಶ ಬಿಟ್ಟು ಹೋದವರಲ್ಲ. ನೊಬೆಲ್ ಉಪನ್ಯಾಸವನ್ನು ಅವರು ಜಪಾನಿಯಲ್ಲೇ ಕೊಟ್ಟರು. ಇದನ್ನು ಹೇಳಿ ಎದೆಯುಬ್ಬಿಸುವವರು ಕತೆಯ ಇನ್ನರ್ಧವನ್ನೂ ಹೇಳಬೇಕು: ಮಸ್ಕಾವ ಮತ್ತು ಅವರ ಜೊತೆಗಾರ ಕೊಬಯಾಷಿಯವರಿಗೆ ಬಹುಮಾನ ತಂದ 1973ರ ಪ್ರಬಂಧ ಅಚ್ಚಾದದ್ದು ಇಂಗ್ಲಿಷಿನಲ್ಲಿ. ಜಪಾನಿನವರು ಜಗತ್ತಿಗೆ ಹೇಳಬೇಕಾದ್ದನ್ನು ಇಂಗ್ಲಿಷಿನಲ್ಲಿ ಹೇಳಿದರು, ಕಲಿಯುವುದು ಕಲಿಸುವುದು ತರ್ಕಿಸುವುದೆಲ್ಲ ಜಪಾನಿಯಲ್ಲೇ ನಡೆಯಿತು. ಕಿಟಕಿ ಇಂಗ್ಲಿಷಿನದು, ಕೋಣೆ ಜಪಾನಿಯದು.

ಈಗ ನಮ್ಮ ಮನೆಗೆ ಬರೋಣ. ಕನ್ನಡಕ್ಕೆ ಮಹಡಿಯೇ ಗೊತ್ತಿರಲಿಲ್ಲ ಎನ್ನುವಂತಿಲ್ಲ. 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ಗಣಿತ ಬರೆದವನು. ಕುವೆಂಪು ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ 1956ರಿಂದ 60ರ ಅವಧಿಯಲ್ಲಿ ಕಾಲೇಜಿನ ಪಾಠವೂ ಕನ್ನಡದಲ್ಲಿ ಆಗಬೇಕೆಂದು ಪಟ್ಟು ಹಿಡಿದು ಪಠ್ಯಪುಸ್ತಕ ಬರೆಸಿದರು. ಬಿ.ಎ. ಮಟ್ಟಿಗೆ ಅದು ಫಲ ಕೊಟ್ಟಿತು. ಆದರೆ ಆಮೇಲಿನ ನಮ್ಮ ಹೋರಾಟದ ಹೆಚ್ಚಿನ ಶಕ್ತಿ ಖರ್ಚಾದದ್ದು ಶಾಲೆಯ ಅಂಗಳದಲ್ಲಿ. ಗೋಕಾಕ್ ಚಳವಳಿ ಪ್ರೌಢಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿತು. 1994ರ ಸರ್ಕಾರಿ ಆದೇಶ ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಇರಬೇಕೆಂದಿತು. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು. ಇಪ್ಪತ್ತು ವರ್ಷ ಎಳೆದಾಡಿ, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಮಗು ಯಾವ ಭಾಷೆಯಲ್ಲಿ ಕಲಿಯಬೇಕೆಂದು ಆರಿಸುವ ಹಕ್ಕು ಪೋಷಕರದು, ಸರ್ಕಾರ ಹೇರುವಂತಿಲ್ಲ ಎಂದುಬಿಟ್ಟಿತು. ಆ ತೀರ್ಪು ಬಂದದ್ದು ಇಂಗ್ಲಿಷಿನಲ್ಲಿ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಸಂವಿಧಾನದ 348ನೇ ವಿಧಿಯ ಪ್ರಕಾರ ಹೈಕೋರ್ಟು, ಸುಪ್ರೀಂ ಕೋರ್ಟುಗಳ ಭಾಷೆ ಇಂಗ್ಲಿಷ್. ಹೈಕೋರ್ಟಿನಲ್ಲಿ ರಾಜ್ಯದ ಭಾಷೆಯನ್ನೂ ಬಳಸಲು ಅದೇ ವಿಧಿಯಲ್ಲಿ ದಾರಿಯಿದೆ. ತಮಿಳುನಾಡು, ಗುಜರಾತ್, ಪಶ್ಚಿಮ ಬಂಗಾಳಗಳ ಜೊತೆ ಕರ್ನಾಟಕವೂ ಆ ದಾರಿಯಲ್ಲಿ ಹೊರಟಿತ್ತು. 2012ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೆಲ್ಲ ಸೇರಿದ ಸಭೆ ಈ ಪ್ರಸ್ತಾವಗಳನ್ನು ಒಪ್ಪಲಿಲ್ಲ. ಈ ಸುದ್ದಿಗೆ ಯಾರೂ ಬಂದ್ ಕರೆದ ನೆನಪು ನನಗಿಲ್ಲ. ನಾಮಫಲಕಕ್ಕೆ ಕರೆಯುತ್ತೇವೆ.

ಬುಡದಲ್ಲಿ ಕನ್ನಡ, ತುದಿಯಲ್ಲಿ ಇಂಗ್ಲಿಷ್ ಇರುವ ಏಣಿಯನ್ನು ಮಗುವಿನ ಮುಂದಿಟ್ಟರೆ ತಂದೆತಾಯಿ ಏನು ಮಾಡುತ್ತಾರೆ? ಆಟೊ ಓಡಿಸುವವರೂ, ಮನೆಗೆಲಸಕ್ಕೆ ಹೋಗುವವರೂ ಸಾಲ ಮಾಡಿ ಕಾನ್ವೆಂಟಿಗೆ ಫೀಸು ಕಟ್ಟುತ್ತಾರೆ. ಅವರನ್ನು ಭಾಷಾದ್ರೋಹಿಗಳೆಂದು ಬೈಯುವವರ ಮಕ್ಕಳು ಎಲ್ಲಿ ಓದುತ್ತಿದ್ದಾರೆಂದು ಕೇಳಿದರೆ ಮಾತು ಬೇರೆ ಕಡೆ ತಿರುಗುತ್ತದೆ. ಮಕ್ಕಳಿಲ್ಲದೆ ತನ್ನ ಶಾಲೆಗಳು ಖಾಲಿಯಾಗುತ್ತಿರುವುದನ್ನು ಕಂಡು ಸರ್ಕಾರವೇ 2019ರಿಂದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಿತು. ಇತ್ತ 2021ರಲ್ಲಿ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ ಎಂಜಿನಿಯರಿಂಗನ್ನು ಭಾರತೀಯ ಭಾಷೆಗಳಲ್ಲಿ ಕಲಿಸಲು ಅನುಮತಿ ಕೊಟ್ಟಾಗ ಕರ್ನಾಟಕದಲ್ಲಿ ಕನ್ನಡದ ಸೀಟುಗಳಿಗೆ ಬಂದವರು ಬೆರಳೆಣಿಕೆಯಷ್ಟು ಮಂದಿ. ಕನ್ನಡದಲ್ಲಿ ಎಂಜಿನಿಯರಿಂಗ್ ಆಗುವುದೇ ಇಲ್ಲ ಎನ್ನಲು ಕೆಲವರಿಗೆ ಇಷ್ಟೇ ಸಾಕಾಯಿತು. ನನಗೆ ಕಾಣುವುದು ಇನ್ನೊಂದು: ಮಹಡಿಯಲ್ಲಿ ಒಂದು ಕುರ್ಚಿ ಹಾಕಿದೆವು, ಅದರಾಚೆಗೆ ಕೆಲಸದ ಸಂದರ್ಶನವೂ ಕಂಪನಿಯ ಮೀಟಿಂಗೂ ಇಂಗ್ಲಿಷಿನಲ್ಲೇ ಉಳಿದವು. ಆ ಕುರ್ಚಿಯಲ್ಲಿ ಯಾರು ಕೂರುತ್ತಾರೆ? ಇದಕ್ಕೆ ಹೋಲಿಸಿದರೆ ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು ಎಂದು 2019ರಲ್ಲಿ ಆದ ತೀರ್ಮಾನ ಸಣ್ಣದಾಗಿ ಕಂಡರೂ ಕನ್ನಡಕ್ಕೆ ಹೆಚ್ಚು ಉಪಕಾರ ಮಾಡಿದೆ. ಅಲ್ಲಿ ಏಣಿಯ ತುದಿಗೆ ಕೈ ಹಾಕಲಾಗಿದೆ.

ಇಷ್ಟು ಹೇಳುವಾಗ ಒಂದು ದನಿಯನ್ನು ಕೇಳಿಸಿಕೊಳ್ಳದೆ ಮುಂದೆ ಹೋಗುವಂತಿಲ್ಲ. ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯ ಬಾಂಕಾ ಎಂಬ ಹಳ್ಳಿಯಲ್ಲಿ 2010ರಲ್ಲಿ ಇಂಗ್ಲಿಷ್ ದೇವಿಗೆ ಗುಡಿ ಕಟ್ಟಲು ಹೊರಟಿದ್ದರು. ದಲಿತ ಚಿಂತಕ ಚಂದ್ರಭಾನ್ ಪ್ರಸಾದ್ ಅದರ ಹಿಂದಿದ್ದವರು. ಕಂಪ್ಯೂಟರಿನ ಮೇಲೆ ನಿಂತ ದೇವಿ, ಒಂದು ಕೈಯಲ್ಲಿ ಪೆನ್ನು, ಇನ್ನೊಂದರಲ್ಲಿ ಸಂವಿಧಾನ. ಭಾರತದಲ್ಲಿ ಇಂಗ್ಲಿಷ್ ಶಿಕ್ಷಣಕ್ಕೆ ಪಟ್ಟು ಹಿಡಿದ ಬ್ರಿಟಿಷ್ ಅಧಿಕಾರಿ ಮೆಕಾಲೆಯ ಹುಟ್ಟುಹಬ್ಬವನ್ನು ಪ್ರಸಾದ್ ಆಚರಿಸುತ್ತಾರೆ. ಕರ್ನಾಟಕದಲ್ಲೂ ಈ ವಾದಕ್ಕೆ ಬಲವಿದೆ: ಮಹಡಿ ಹಿಂದೆ ಕನ್ನಡದ್ದೇ ಆಗಿತ್ತು ಎನ್ನುತ್ತೀರಲ್ಲ, ಆಗ ನಮ್ಮನ್ನು ಹತ್ತಲು ಬಿಟ್ಟಿದ್ದಿರಾ? ಇದಕ್ಕೆ ಸುಲಭದ ಉತ್ತರವಿಲ್ಲ. ಸಂಸ್ಕೃತದ ಮಹಡಿಗೆ ಹುಟ್ಟಿನ ಬೀಗವಿತ್ತು, ಇಂಗ್ಲಿಷಿನದಕ್ಕೆ ಕನಿಷ್ಠ ಒಂದು ಟಿಕೆಟ್ ಕೌಂಟರ್ ಇದೆ. ಆದರೆ ಟಿಕೆಟ್ಟಿನ ದರ ನೋಡಿ. 2011ರ ಜನಗಣತಿಯಲ್ಲಿ ತನಗೆ ಇಂಗ್ಲಿಷ್ ಬರುತ್ತದೆ ಎಂದವರು, ಎರಡನೇ ಮೂರನೇ ಭಾಷೆಯಾಗಿ ಬಲ್ಲವರನ್ನೂ ಸೇರಿಸಿ, ಸುಮಾರು 13 ಕೋಟಿ. ನೂರಕ್ಕೆ ಹತ್ತು ಚಿಲ್ಲರೆ. ಕಳಪೆ ಇಂಗ್ಲಿಷ್ ಮಾಧ್ಯಮ ಶಾಲೆಯಿಂದ ಹೊರಬಿದ್ದ ಹುಡುಗಿಗೆ ಆ ಇಂಗ್ಲಿಷೂ ಬಂದಿರುವುದಿಲ್ಲ, ಕನ್ನಡದಲ್ಲಿ ಒಂದು ಅರ್ಜಿ ಬರೆಯುವ ಧೈರ್ಯವೂ ಇರುವುದಿಲ್ಲ. ಇಂಗ್ಲಿಷನ್ನು ಎಲ್ಲ ಮಕ್ಕಳಿಗೂ ಚೆನ್ನಾಗಿ ಕಲಿಸಬೇಕು ಎಂಬ ಬೇಡಿಕೆಗೂ ಎಲ್ಲವನ್ನೂ ಇಂಗ್ಲಿಷಿನಲ್ಲೇ ಕಲಿಸಬೇಕು ಎಂಬ ಬೇಡಿಕೆಗೂ ಅಜಗಜಾಂತರವಿದೆ. ಮೊದಲನೆಯದು ನ್ಯಾಯ. ಎರಡನೆಯದರಿಂದ ಲಾಭ ಯಾರಿಗೆ ಎಂದು ಖಾಸಗಿ ಶಾಲೆಗಳ ಫೀಸಿನ ರಸೀದಿ ಹೇಳುತ್ತದೆ.

ಮಹಡಿ ಹೋದ ಮೇಲೆ ನಡುಮನೆ ಉಳಿಯುತ್ತದೆಯೇ? ಸಿಂಗಪುರವನ್ನು ನೋಡಬಹುದು. ಅಲ್ಲಿ 1987ರ ಹೊತ್ತಿಗೆ ಶಾಲೆಗಳೆಲ್ಲ ಇಂಗ್ಲಿಷ್ ಮಾಧ್ಯಮವಾದವು, ಮಾತೃಭಾಷೆ ಒಂದು ವಿಷಯವಾಗಿ ಉಳಿಯಿತು. ಮನೆಯಲ್ಲಿ ಹೆಚ್ಚಾಗಿ ಇಂಗ್ಲಿಷ್ ಆಡುವವರು 2010ರಲ್ಲಿ ಶೇ 32 ಇದ್ದವರು 2020ರ ಗಣತಿಗೆ ಶೇ 48 ಆದರು. ತಮಿಳು ಅಲ್ಲಿನ ನಾಲ್ಕು ಅಧಿಕೃತ ಭಾಷೆಗಳಲ್ಲೊಂದು. ಸರ್ಕಾರದ ಹಣ, ಪಠ್ಯಪುಸ್ತಕ, ಫಲಕ ಎಲ್ಲ ಇದ್ದೂ ಮನೆಮಾತಾಗಿ ಅದರ ಪಾಲು ಶೇ 3.3ರಿಂದ 2.5ಕ್ಕೆ ಇಳಿಯಿತು. ಆದರೆ ಸಿಂಗಪುರದಲ್ಲಿ ಹೆಚ್ಚು ಕುಸಿದದ್ದು ಹೊಕ್ಕಿಯೆನ್, ಟಿಯೋಚು, ಕ್ಯಾಂಟನೀಸ್‌ನಂಥ ಚೀನೀ ನುಡಿಗಳು, ಮತ್ತು ಅವನ್ನು ಮೊದಲು ತಳ್ಳಿದ್ದು ಇಂಗ್ಲಿಷ್ ಅಲ್ಲ, ಮ್ಯಾಂಡರಿನ್. 1979ರಲ್ಲಿ ಸರ್ಕಾರವೇ ಮ್ಯಾಂಡರಿನ್ ಆಡಿ ಎಂಬ ಅಭಿಯಾನ ಹೂಡಿ ಉಳಿದ ನುಡಿಗಳನ್ನು ರೇಡಿಯೊ, ಟಿವಿಯಿಂದ ಇಳಿಸಿತು. ಹೊಕ್ಕಿಯೆನ್ ಬಿಟ್ಟು ಬೇರೆ ಬಾರದ ಅಜ್ಜಿ, ಅದು ಬಾರದ ಮೊಮ್ಮಗ ಒಂದೇ ಮೇಜಿನಲ್ಲಿ ಕುಳಿತು ಸುಮ್ಮನೆ ಉಣ್ಣುವ ಮನೆಗಳು ಹುಟ್ಟಿದವು.

ಈ ಕತೆ ಕೇಳಿ ಕನ್ನಡಿಗರಾದ ನಾವು ಕೊಂಚ ಕಸಿವಿಸಿಗೊಳ್ಳಬೇಕು. ಕೊಡವ, ತುಳು, ಕೊರಗ ನುಡಿಗಳಿಗೆ ಕನ್ನಡವೇ ಮಹಡಿಯ ಭಾಷೆ. ಕೊಡವ ತಮ್ಮ ತಾಯಿಭಾಷೆ ಎಂದವರು 2001ರ ಜನಗಣತಿಯಲ್ಲಿ 1.66 ಲಕ್ಷ, 2011ರಲ್ಲಿ 1.14 ಲಕ್ಷ. ಮಡಿಕೇರಿಯ ಮಗು ಶಾಲೆಗೆ ಕಾಲಿಟ್ಟಾಗ ಕೊಡವಕ್ಕೆ ಎದುರಾಗುವುದು ಎರಡು ಭಾಷೆಗಳು, ಅವುಗಳಲ್ಲಿ ಒಂದು ನಮ್ಮದು. ಇಂಗ್ಲಿಷಿನಿಂದ ನಮಗಾದ ನೋವನ್ನು ಹೇಳಲು ಬಳಸುವ ಪ್ರತಿ ವಾಕ್ಯವನ್ನೂ ಅವರು ನಮ್ಮ ಕಡೆಗೆ ತಿರುಗಿಸಿ ಹೇಳಬಹುದು.

ಜನಸಂಖ್ಯೆ ಕಡಿಮೆ, ಅದಕ್ಕೇ ಸೊರಗಿತು ಎಂಬ ವಾದವೂ ಪೂರ್ತಿ ನಿಲ್ಲುವುದಿಲ್ಲ. ಐಸ್‌ಲ್ಯಾಂಡಿನ ಇಡೀ ಜನಸಂಖ್ಯೆ 4 ಲಕ್ಷ ದಾಟಿಲ್ಲ. ಅವರ ಸಂಸತ್ತು, ಕೋರ್ಟು, ವಿಶ್ವವಿದ್ಯಾಲಯ ಐಸ್‌ಲ್ಯಾಂಡಿಕ್‌ನಲ್ಲಿ ನಡೆಯುತ್ತವೆ. ಕಂಪ್ಯೂಟರಿಗೆ ಅವರ ಪದ ‘ತೊಲ್ವ’. ಸಂಖ್ಯೆ ಎಂಬ ಪದಕ್ಕೆ ಹಳೆಯ ಪುರಾಣಗಳ ಕಣಿ ಹೇಳುವ ಹೆಂಗಸಿನ ಹೆಸರು ಸೇರಿಸಿ ಕಟ್ಟಿದ್ದು, ಎರಡೇ ಉಸಿರಿನಲ್ಲಿ ಮುಗಿಯುತ್ತದೆ. ನಾವು ಗಣಕಯಂತ್ರ ಎಂದು ಕಟ್ಟಿದೆವು. ಸರ್ಕಾರಿ ಸುತ್ತೋಲೆಯ ಆಚೆ ಅದನ್ನು ಯಾರಾದರೂ ಅಂದದ್ದು ಕೇಳಿದ್ದೀರಾ? ಐಸ್‌ಲ್ಯಾಂಡಿನವರಿಗೂ ನೆಮ್ಮದಿಯಿಲ್ಲ, ಮಕ್ಕಳ ಕೈಗೆ ಫೋನು ಬಂದ ಮೇಲೆ ಇಂಗ್ಲಿಷ್ ನೇರ ಮಲಗುವ ಕೋಣೆಗೇ ಬಂದಿದೆ. ಅದಕ್ಕೇ ಅವರ ಸರ್ಕಾರ ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯ ಬಾಗಿಲಿಗೇ ಹೋಗಿ, 2023ರಲ್ಲಿ ತಮ್ಮ ಭಾಷೆಯನ್ನು ಯಂತ್ರಕ್ಕೆ ಕಲಿಸುವ ಕೆಲಸಕ್ಕೆ ಕೈಜೋಡಿಸಿತು. ಹೊಸ ಮಹಡಿ ಎಲ್ಲಿ ಏಳುತ್ತಿದೆಯೆಂದು ಅವರಿಗೆ ಗೊತ್ತಾಗಿದೆ. ಕನ್ನಡ ತಾಯಿಭಾಷೆಯೆಂದು 2011ರಲ್ಲಿ ಬರೆಸಿದವರು 4.37 ಕೋಟಿ, ಅವರ ನೂರು ಪಟ್ಟಿಗಿಂತ ಹೆಚ್ಚು.

ಆ ಹೊಸ ಮಹಡಿಯ ಇಟ್ಟಿಗೆಯ ಅಳತೆಯೇ ಇಂಗ್ಲಿಷಿಗೆ ಒಪ್ಪುವಂಥದು. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಕೂಡಿಡಲು ಇಂದು ಜಾಲವೆಲ್ಲ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರ ಒಂದು ಬೈಟ್ ಜಾಗದಲ್ಲಿ ಕೂರುತ್ತದೆ, ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೇಕು. ‘ಕನ್ನಡ’ ಎಂಬ ಪದವನ್ನು ನಮ್ಮ ಲಿಪಿಯಲ್ಲಿ ಬರೆದರೆ, ಒತ್ತಕ್ಷರ ಕೂಡಿಸುವ ಚಿಹ್ನೆಯೂ ಸೇರಿ ಐದು ಚಿಹ್ನೆಗೆ 15 ಬೈಟ್, ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಏಳು. ಜಾಗದ ಮಾತು ಹೋಗಲಿ, ಮೆಮೊರಿ ಈಗ ಅಗ್ಗ. ಯಂತ್ರ ಕಲಿಯುವುದು ಇರುವ ಬರಹದಿಂದ. ಜಾಲತಾಣಗಳಲ್ಲಿ ಸುಮಾರು ಅರ್ಧದಷ್ಟು ಇಂಗ್ಲಿಷಿನವು. ನಮ್ಮ ಪಾಲಿನ ಬರಹದಲ್ಲಿ ಸಿನಿಮಾ, ರಾಜಕೀಯ, ಭವಿಷ್ಯ ಬೇಕಾದಷ್ಟಿವೆ. ಭತ್ತದ ಬೆಂಕಿ ರೋಗದ ಬಗ್ಗೆ, ಜಾಮೀನಿನ ಷರತ್ತಿನ ಬಗ್ಗೆ, ಇನ್ಸುಲಿನ್ ಪ್ರಮಾಣದ ಬಗ್ಗೆ ಬಿಡಿಸಿ ಬರೆದದ್ದು ಕಡಿಮೆ. ಬರೆದಿಲ್ಲದ್ದನ್ನು ಯಂತ್ರ ಇಂಗ್ಲಿಷಿನಿಂದ ಅನುವಾದಿಸಿ ಕೊಡುತ್ತದೆ. ಆ ಕನ್ನಡವನ್ನು ಓದಿದವರಿಗೆ ಅದರ ರುಚಿ ಗೊತ್ತು.

ಕನ್ನಡದಲ್ಲಿ ಬರೆಯುವವರಿಲ್ಲ ಎಂದಲ್ಲ, ಹೇಳುವವರೂ ಇದ್ದಾರೆ. ಹಳ್ಳಿಯ ಯಾವುದೇ ಪಿಯು ಕಾಲೇಜಿನ ವಿಜ್ಞಾನದ ತರಗತಿಗೆ ಬೆಳಿಗ್ಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ. ಪಠ್ಯ ಇಂಗ್ಲಿಷ್, ಬೋರ್ಡಿನ ಮೇಲೆ ಬರೆಯುವುದು ಇಂಗ್ಲಿಷ್. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ ಬಂದ ಮಕ್ಕಳ ಮುಖ ನೋಡಿದ ಮೇಷ್ಟ್ರು ಚಾಕ್‌ಪೀಸ್ ಕೆಳಗಿಡುತ್ತಾರೆ. “ನೋಡ್ರಪ್ಪಾ, ಬಸ್ಸು ಗಕ್ಕಂತ ಬ್ರೇಕ್ ಹಾಕ್ದಾಗ ನೀವು ಮುಂದಕ್ಕೆ ಮುಗ್ಗರಿಸ್ತೀರಲ್ಲ, ಬಸ್ಸು ನಿಂತ್ರೂ ನಿಮ್ಮ ಮೈ ನಿಲ್ಲಕ್ಕೆ ಒಪ್ಪಲ್ಲ, ಅದೇ ಇನರ್ಷಿಯಾ, ಜಡತ್ವ” ಎನ್ನುತ್ತಾರೆ. ಇಡೀ ತರಗತಿಗೆ ಅರ್ಥವಾಗುತ್ತದೆ. ಆಮೇಲೆ ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಇಂಗ್ಲಿಷಿನಲ್ಲಿ ನೋಟ್ಸ್ ಬರೆಯುತ್ತಾರೆ, ಮಕ್ಕಳು ಅದನ್ನು ಇಳಿಸಿಕೊಳ್ಳುತ್ತಾರೆ. ಬಸ್ಸಿನ ಮಾತು ಯಾರ ಪುಸ್ತಕದಲ್ಲೂ ಇರುವುದಿಲ್ಲ.